ಹೊಡೆಯದೆ ಗೆದ್ದರೆ ಅದು ಗೆಲುವೇ?

ಈಗಷ್ಟೇ ಪರದೆಯ ಮೇಲೆ ನೋಡಿದಿರಲ್ಲ, ಅದು 2002ರ ಪಂದ್ಯ. ರೋಬೋಟುಗಳು ಕಣಕ್ಕಿಳಿದು ಒಂದರೊಡನೊಂದು ಕಾದಾಡುವ ಬ್ರಿಟನ್ನಿನ ಟಿವಿ ಕಾರ್ಯಕ್ರಮ ‘ರೋಬೋಟ್ ವಾರ್ಸ್’, ಅದರ ಆರನೇ ಸರಣಿಯ ಫೈನಲ್. ಗಿಣಿಯ ಕೊಕ್ಕಿನ ಹಾಗೆ ಬಾಗಿದ ಮೂತಿ ಇತ್ತಲ್ಲ, ಅದು ರೇಜರ್. ಹಿಂದಿನ ಸರಣಿಯ ಚಾಂಪಿಯನ್. ಆ ಕೊಕ್ಕನ್ನು ಒತ್ತುವುದು ಹೈಡ್ರಾಲಿಕ್ ಶಕ್ತಿ. ಎದುರಾಳಿ ಒಂದು ಸಲ ಬಾಯಿಗೆ ಸಿಕ್ಕಿಬಿಟ್ಟರೆ ಕೊಕ್ಕು ಯಾವ ಅವಸರವೂ ಇಲ್ಲದೆ ಕವಚವನ್ನು ತೂತು ಮಾಡಿಕೊಂಡು ಒಳಗಿಳಿಯುತ್ತದೆ. ಎದುರಿಗಿದ್ದದ್ದು ಟೊರ್ನೇಡೊ. ನೋಡಲು ಬರೀ ಒಂದು ಪೆಟ್ಟಿಗೆ, ಆದರೆ ಓಟ ಬಿರುಸು, ನೂಕುವ ತಾಕತ್ತೂ ಜೋರು. ಆ ದಿನ ಟೊರ್ನೇಡೊದವರು ತಮ್ಮ ಯಂತ್ರದ ಸುತ್ತ ಕಂಬಿಗಳ ಚೌಕಟ್ಟೊಂದನ್ನು ಬೋಲ್ಟು ಹಾಕಿ ಕೂರಿಸಿಕೊಂಡು ಬಂದರು. ರೇಜರ್ ಬಾಯಿ ಹಾಕಿದರೆ ಸಿಗುವುದು ಕಂಬಿ, ಮೈ ಎಟುಕುವುದೇ ಇಲ್ಲ. ಪಂದ್ಯ ತೀರ್ಪುಗಾರರ ಕೈಗೆ ಹೋಯಿತು. ಅವರು ಟೊರ್ನೇಡೊ ಗೆದ್ದಿತು ಎಂದರು.

ನಿಮ್ಮಲ್ಲಿ ಎಷ್ಟು ಜನ ಒಪ್ಪುತ್ತೀರಿ, ಕೈ ಎತ್ತಿ ಅಂದೆ. ಹಿಂದಿನ ಸಾಲಿನವರನ್ನೂ ಸೇರಿಸಿ ಒಂಬತ್ತು ಕೈ. ಉಳಿದವರೆಲ್ಲ ರೇಜರ್ ಕಡೆಯವರು. ಈ ಆಟವನ್ನು ನೀವು ಮೊದಲ ಸಲ ನೋಡುತ್ತಿರುವುದು, ಹತ್ತು ನಿಮಿಷ ಕೂಡ ಆಗಿಲ್ಲ, ಆಗಲೇ ನಿಮಗೆ ಒಂದು ಪಕ್ಷ, ಒಂದು ಸಿಟ್ಟು ಎರಡೂ ಬಂದುಬಿಟ್ಟಿವೆ. ಇಪ್ಪತ್ತು ವರ್ಷ ದಾಟಿದ ಮೇಲೂ ಹಳೆಯ ಅಭಿಮಾನಿಗಳ ನಡುವೆ ಇದೇ ಜಗಳ ನಡೆಯುತ್ತಿದೆ. ನಾನು ಇವತ್ತು ಮಾತಾಡಬೇಕೆಂದಿರುವುದು ಯಂತ್ರಗಳಿಗಿಂತ ಹೆಚ್ಚಾಗಿ ಈ ಸಿಟ್ಟಿನ ಬಗ್ಗೆ. ಈ ಆಟದ ನಿಯಮಪುಸ್ತಕವನ್ನು ಅರ್ಧ ಬರೆದದ್ದೇ ಈ ಸಿಟ್ಟು ಎನ್ನುವುದು ನನ್ನ ವಾದ.

ಹಿನ್ನೆಲೆ ಬೇಗ ಮುಗಿಸುತ್ತೇನೆ. ಸಿನಿಮಾಗಳಿಗೆ ಮಾದರಿಗಳನ್ನು ಮಾಡಿಕೊಡುತ್ತಿದ್ದ ಮಾರ್ಕ್ ಥಾರ್ಪ್ ಎಂಬುವರು ಮನೆ ಗುಡಿಸುವ ವ್ಯಾಕ್ಯೂಮ್ ಕ್ಲೀನರನ್ನು ರಿಮೋಟಿನಿಂದ ಓಡಿಸಲು ಹೋಗಿ ಸೋತರು. ಕಸ ಗುಡಿಸಲು ಅದು ಲಾಯಕ್ಕಾಗಲಿಲ್ಲ, ಆದರೆ ಇಂಥವೆರಡನ್ನು ಎದುರುಬದುರು ಬಿಟ್ಟರೆ ಹೇಗಿರುತ್ತದೆ ಎಂಬ ಯೋಚನೆ ಹುಟ್ಟಿತು. 1994ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಫೋರ್ಟ್ ಮೇಸನ್‌ನಲ್ಲಿ ಮೊದಲ ‘ರೋಬೋಟ್ ವಾರ್ಸ್’ ನಡೆಯಿತು. ಅದೇ ಹೆಸರು ಹೊತ್ತ ಟಿವಿ ಕಾರ್ಯಕ್ರಮ 1998ರಲ್ಲಿ ಬಿಬಿಸಿ ಟೂನಲ್ಲಿ ಶುರುವಾಯಿತು. ಅಮೆರಿಕದಲ್ಲಿ ಟ್ರೇ ರಾಸ್ಕಿ, ಗ್ರೆಗ್ ಮನ್ಸನ್ ಎಂಬ ಸೋದರಸಂಬಂಧಿಗಳು ‘ಬ್ಯಾಟಲ್‌ಬಾಟ್ಸ್’ ಕಟ್ಟಿದರು. 2000ದಿಂದ 2002ರವರೆಗೆ ಕಾಮಿಡಿ ಸೆಂಟ್ರಲ್‌ನಲ್ಲಿ ಬಂತು, ನಿಂತಿತು, 2015ರಲ್ಲಿ ಎಬಿಸಿಯಲ್ಲಿ ಮತ್ತೆ ಎದ್ದಿತು, 2018ರಿಂದ ಡಿಸ್ಕವರಿಗೆ ಹೋಯಿತು. ಕಾಮಿಡಿ ವಾಹಿನಿಯಲ್ಲಿ ಯಾಕೆ ಬಂತು ಅನ್ನುತ್ತೀರಾ? ಇದನ್ನು ಆಟ ಎನ್ನಬೇಕೋ ತಮಾಷೆ ಎನ್ನಬೇಕೋ ಟಿವಿಯವರಿಗೇ ಆಗ ಗೊತ್ತಿರಲಿಲ್ಲ ಅಂತ ಕಾಣುತ್ತದೆ.

ಯಾರೋ ಒಬ್ಬರು ಆಗಲೇ ಮೂಗು ಮುರಿದರು: ‘ಇದಕ್ಕೆ ರೋಬೋಟ್ ಅನ್ನೋದು ಹೇಗೆ, ರಿಮೋಟ್ ಹಿಡಿದವರು ಆಡಿಸ್ತಿದಾರಲ್ಲ?’ ಸರಿಯಾದ ಮಾತು. ಬಹುಪಾಲು ಯಂತ್ರಗಳಿಗೆ ಸ್ವಂತ ಬುದ್ಧಿ ಇಲ್ಲ. ಈ ತಕರಾರು ಆಟದಷ್ಟೇ ಹಳೆಯದು, ಅಭಿಮಾನಿಗಳು ಇದಕ್ಕೆ ಉತ್ತರ ಕೊಡುವುದನ್ನೇ ಬಿಟ್ಟಿದ್ದಾರೆ. ನಾನೂ ಬಿಡುತ್ತೇನೆ.

ಜಗಳಕ್ಕೆ ಬರುವ ಮುಂಚೆ ಸ್ವಲ್ಪ ಲೆಕ್ಕ ಬೇಕು. ಲೆಕ್ಕವಿಲ್ಲದೆ ಬೈಯುವುದರಲ್ಲಿ ರುಚಿಯಿಲ್ಲ. ಬ್ಯಾಟಲ್‌ಬಾಟ್ಸ್‌ನಲ್ಲಿ ತೂಕದ ಮಿತಿ 250 ಪೌಂಡು, ಅಂದರೆ ಸುಮಾರು 113 ಕಿಲೋ. ತಿರುಗುವ ಆಯುಧದ ತುದಿಯ ವೇಗ ಗಂಟೆಗೆ 250 ಮೈಲಿ ಮೀರಬಾರದು, ಸುಮಾರು 400 ಕಿ.ಮೀ. ಈಗ 30 ಕಿಲೋ ತೂಕದ ಉದ್ದನೆಯ ಉಕ್ಕಿನ ಪಟ್ಟಿಯೊಂದು ಆ ವೇಗಕ್ಕೆ ಹತ್ತಿರದಲ್ಲಿ ತಿರುಗುತ್ತಿದೆ ಅಂದುಕೊಳ್ಳಿ. ಅದರಲ್ಲಿ ಕೂಡಿಟ್ಟಿರುವ ಶಕ್ತಿ ಸುಮಾರು 60 ಸಾವಿರ ಜೂಲ್. ಒಂದು ಟನ್ ತೂಕದ ಕಾರು ಗಂಟೆಗೆ 40 ಕಿ.ಮೀ. ವೇಗದಲ್ಲಿ ಬಂದು ಗುದ್ದಿದಷ್ಟು. ವ್ಯತ್ಯಾಸ ಇಷ್ಟೇ, ಕಾರಿನ ಗುದ್ದು ಇಡೀ ಬಂಪರಿಗೆ ಹಂಚಿಹೋಗುತ್ತದೆ, ಇಲ್ಲಿ ಅಷ್ಟೂ ಬೆರಳಗಲದ ಒಂದು ಹಲ್ಲಿನ ತುದಿಯಲ್ಲಿ ಇಳಿಯುತ್ತದೆ. ಕಣದ ಸುತ್ತ ಪಾಲಿಕಾರ್ಬೋನೇಟ್ ಗೋಡೆ ಎಬ್ಬಿಸುವುದು ಸುಮ್ಮನೆ ಅಲ್ಲ. 1995ರಲ್ಲಿ ಜೇಮಿ ಹೈನೆಮನ್ ತಂದ ‘ಬ್ಲೆಂಡೋ’ ಎದುರಾಳಿಯ ಚೂರುಗಳನ್ನು ಗೋಡೆಯಾಚೆ ಹಾರಿಸತೊಡಗಿದಾಗ ಸಂಘಟಕರು ಗಾಬರಿಯಾಗಿ, ಜಂಟಿ ಚಾಂಪಿಯನ್ ಪಟ್ಟ ಕೊಟ್ಟು, ದಯವಿಟ್ಟು ಇನ್ನು ಆಡಬೇಡಿ ಎಂದು ಕೈಮುಗಿದರು. ಗೆದ್ದದ್ದಕ್ಕೆ ಮನೆಗೆ ಕಳಿಸಿದ ಉದಾಹರಣೆ ಬೇರೆ ಯಾವ ಆಟದಲ್ಲಿದೆ ಹೇಳಿ.

ಹಾಗಾದರೆ ವೇಗ ಜಾಸ್ತಿಯಾದಷ್ಟೂ ಒಳ್ಳೆಯದೇ? ಇಲ್ಲೇ ಒಂದು ಮೋಜು. ನಿಮಿಷಕ್ಕೆ 6,000 ಸುತ್ತು ತಿರುಗುವ ಡಿಸ್ಕ್ ಇದೆ, ಅಂದರೆ ಸೆಕೆಂಡಿಗೆ 100 ಸುತ್ತು. ಎದುರಾಳಿಯ ಕಡೆಗೆ ನೀವು ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ನುಗ್ಗುತ್ತೀರಿ. ಡಿಸ್ಕಿಗೆ ಒಂದೇ ಹಲ್ಲಿದ್ದರೆ, ಆ ಹಲ್ಲು ಒಂದು ಸುತ್ತು ಬರುವಷ್ಟರಲ್ಲಿ ಎದುರಾಳಿ 4 ಸೆಂಟಿಮೀಟರ್ ಹತ್ತಿರ ಬಂದಿರುತ್ತಾನೆ. ಹಲ್ಲು ಗರಿಷ್ಠ ಅಷ್ಟು ಆಳಕ್ಕೆ ಕಚ್ಚಬಹುದು. ಎರಡು ಹಲ್ಲಿದ್ದರೆ 2 ಸೆಂಟಿಮೀಟರ್. ನಾಲ್ಕಿದ್ದರೆ ಒಂದೇ. ಹಲ್ಲು ಜಾಸ್ತಿಯಾದಷ್ಟೂ, ವೇಗ ಜಾಸ್ತಿಯಾದಷ್ಟೂ ಆಯುಧ ಕಚ್ಚುವುದನ್ನು ಬಿಟ್ಟು ಉಜ್ಜಲು ಶುರುಮಾಡುತ್ತದೆ. ಕಿಡಿ ಹಾರುತ್ತದೆ, ಪ್ರೇಕ್ಷಕರು ಕೂಗುತ್ತಾರೆ, ಎದುರಾಳಿಯ ಬಣ್ಣ ಮಾತ್ರ ಕೆದರಿರುತ್ತದೆ. ಒಂದೇ ಹಲ್ಲಿನ ಸೊಟ್ಟ ಡಿಸ್ಕುಗಳು ಬಂದದ್ದು ಹೀಗೆ.

ಇನ್ನೊಂದು ವಿಷಯವನ್ನು ಬಾಯಲ್ಲಿ ಹೇಳುವುದಕ್ಕಿಂತ ಕೈಗೇ ಕೊಡುವುದು ಮೇಲು ಅಂತ ಸೈಕಲ್ ಚಕ್ರ ತಂದಿದ್ದೆ. ಮುಂದೆ ಬಂದ ಹುಡುಗ ಅಚ್ಚಿನ ಎರಡೂ ತುದಿ ಹಿಡಿದುಕೊಂಡ, ನಾನು ಜೋರಾಗಿ ತಿರುಗಿಸಿದೆ, ‘ಈಗ ಎಡಕ್ಕೆ ತಿರುಗು’ ಅಂದೆ. ನೋಡಿದಿರಲ್ಲ, ಅವನು ತಿರುಗಿದ್ದು ಎಡಕ್ಕೆ, ಚಕ್ರ ವಾಲಿದ್ದು ಪಕ್ಕಕ್ಕೆ, ಬಿಟ್ಟೇಬಿಡುತ್ತಿದ್ದ. ಲಂಬವಾಗಿ ತಿರುಗುವ ಡಿಸ್ಕ್ ಇರುವ ರೋಬೋಟ್ ಪ್ರತಿ ಸಲ ತಿರುಗುವಾಗಲೂ ಅನುಭವಿಸುವುದು ಇದನ್ನೇ. ಒಂದು ಗಾಲಿ ನೆಲ ಬಿಟ್ಟು ಏಳುತ್ತದೆ, ಯಂತ್ರ ಕುಂಟುತ್ತಾ ಕುಣಿಯುತ್ತದೆ. ಇಷ್ಟು ತೊಂದರೆ ಇದ್ದರೂ ಜನ ಲಂಬ ಸ್ಪಿನ್ನರನ್ನೇ ಯಾಕೆ ಕಟ್ಟುತ್ತಾರೆ? ಅದರ ಏಟು ಕೆಳಗಿನಿಂದ ಮೇಲಕ್ಕೆ. ಎದುರಾಳಿ ಗಾಳಿಗೆ ಹಾರುತ್ತಾನೆ, ಮರುಹೊಡೆತವನ್ನು ನೆಲ ನುಂಗಿಕೊಳ್ಳುತ್ತದೆ. ಅಡ್ಡಡ್ಡ ತಿರುಗುವ ಪಟ್ಟಿಗೆ ಆ ಆಸರೆ ಇಲ್ಲ. ರೇ ಬಿಲ್ಲಿಂಗ್ಸ್ ಅವರ ‘ಟೂಂಬ್‌ಸ್ಟೋನ್’ 2016ರಲ್ಲಿ ಚಾಂಪಿಯನ್ ಆಯಿತು, ನಿಜ. ಆದರೆ ಅದರ ಪಂದ್ಯಗಳನ್ನು ನೋಡಿ, ಹೊಡೆದ ಏಟಿಗೆ ತಾನೂ ಬುಗುರಿಯ ಹಾಗೆ ಗಿರಕಿ ಹೊಡೆದು ಗೋಡೆಗೆ ಬಡಿಯುತ್ತದೆ.

ಇದರಿಂದ ಹುಟ್ಟಿದ್ದೇ ಅಭಿಮಾನಿಗಳ ದೊಡ್ಡ ಗೊಣಗಾಟ: ‘ಎಲ್ಲವೂ ಒಂದೇ ಥರ ಆಗಿಹೋಯಿತು.’ ಪಾಲ್ ವೆಂಟಿಮೀಲ್ಯ ಅವರ ‘ಬೈಟ್ ಫೋರ್ಸ್’ 2015, 2018, 2019ರಲ್ಲಿ ಗೆದ್ದು ಮೂರು ಸಲ ‘ಜಯಂಟ್ ನಟ್’ ಒಯ್ದಿತು. ಅಲ್ಲಿನ ಪಾರಿತೋಷಕ ಒಂದು ದೈತ್ಯ ನಟ್ಟು, ಬೋಲ್ಟಿಗೆ ಹಾಕುತ್ತೀವಲ್ಲ ಅದೇ. ಅಷ್ಟು ಗೆದ್ದ ಮೇಲೆ ಉಳಿದವರು ಅದನ್ನೇ ನೋಡಿ ಕಟ್ಟತೊಡಗಿದರೆ ತಪ್ಪೇನು? ಮುಂದೊಂದು ಲಂಬ ಡಿಸ್ಕು, ಅಕ್ಕಪಕ್ಕ ಎದುರಾಳಿಯ ಅಡಿಗೆ ತೂರಲು ನೆಲಕ್ಕೆ ಅಂಟಿದ ಫೋರ್ಕುಗಳು, ಹಿಂದೆ ಎರಡೋ ನಾಲ್ಕೋ ಗಾಲಿ. ಹೀಗೆ ಗೊಣಗುವವರ ಬಗ್ಗೆ ನನಗೆ ಅರ್ಧ ಸಹಾನುಭೂತಿ ಇದೆ. ಉಳಿದರ್ಧ ಇಲ್ಲ, ಯಾಕೆಂದರೆ ವೈವಿಧ್ಯ ಬೇಕು ಅನ್ನುವ ಇದೇ ಜನ ಸುತ್ತಿಗೆಯ ರೋಬೋಟ್ ಮೂರು ನಿಮಿಷ ಟಕ್ ಟಕ್ ಅಂತ ಬಡಿದರೆ ಆಕಳಿಸುತ್ತಾರೆ. ತೋಳಿನ ತುದಿಯಲ್ಲಿ ಗರಗಸ ಕಟ್ಟಿಕೊಂಡು ಮೇಲಿನಿಂದ ಕೊಯ್ಯುವ ‘ಸಾಬ್ಲೇಜ್’ 2023ರಲ್ಲಿ ಮುಗಿದ ಸರಣಿಯನ್ನು ಗೆದ್ದ ದಿನ ಮಾತ್ರ ಎಲ್ಲರೂ ಒಟ್ಟಿಗೆ ಖುಷಿಪಟ್ಟರು. ಒಂದು ದಿನದ ಮಟ್ಟಿಗೆ.

ಈಗ ತೀರ್ಪಿನ ವಿಷಯ. ಎದುರಾಳಿ ಅಲುಗಾಡದೆ ಬಿದ್ದರೆ ಹತ್ತು ಎಣಿಸುತ್ತಾರೆ, ಅಲ್ಲಿಗೆ ಮುಗಿಯಿತು. ಮೂರು ನಿಮಿಷವಾದರೂ ಎರಡೂ ಓಡಾಡುತ್ತಿದ್ದರೆ ಮೂವರು ತೀರ್ಪುಗಾರರು. ಬ್ಯಾಟಲ್‌ಬಾಟ್ಸ್‌ನ ಈಚಿನ ಸರಣಿಗಳಲ್ಲಿ ಒಬ್ಬೊಬ್ಬರ ಕೈಯಲ್ಲೂ 11 ಅಂಕ: ಹಾನಿಗೆ 5, ಆಕ್ರಮಣಕ್ಕೆ 3, ಹಿಡಿತಕ್ಕೆ 3. ಇವನ್ನು ಎರಡು ಯಂತ್ರಗಳಿಗೆ ಹಂಚಬೇಕು. ಬೆಸ ಸಂಖ್ಯೆ, ಸಮ ಆಗುವ ಮಾತಿಲ್ಲ.

ಕಾಗದ ಇದ್ದವರು ಬರೆದುಕೊಳ್ಳಿ. ‘ಅ’ ಯಂತ್ರ ‘ಆ’ ಯಂತ್ರದ ಆಯುಧ ಮುರಿಯಿತು, ಕವಚ ಕಿತ್ತಿತು, ಒಂದು ಗಾಲಿ ಉದುರಿಸಿತು. ತನಗೆ ಗೀರೂ ಬಿದ್ದಿಲ್ಲ. ಹಾನಿಯ ಐದಕ್ಕೆ ಐದೂ ‘ಅ’ಗೆ. ಆದರೆ ಪಂದ್ಯದುದ್ದಕ್ಕೂ ಮೇಲೆ ಬಿದ್ದು ಹೋದದ್ದು, ಮೂಲೆಗೆ ನೂಕಿದ್ದು, ಬೇಕಾದಲ್ಲಿ ನಿಲ್ಲಿಸಿದ್ದು ಎಲ್ಲ ಆ ಮೂರು ಗಾಲಿಯ ಬಡಪಾಯಿಯೇ ಅಂತಿಟ್ಟುಕೊಳ್ಳಿ. ಆಕ್ರಮಣ 3, ಹಿಡಿತ 3. ಒಟ್ಟು 6. ನಜ್ಜುಗುಜ್ಜಾದವನು ಗೆದ್ದ! ಇಂಥದು ದಿನಾ ಆಗುವುದಿಲ್ಲ. ಆದರೆ ಹಾಗಾಗುವ ಬಾಗಿಲನ್ನು ನಿಯಮ ತೆರೆದೇ ಇಟ್ಟಿದೆ, ಇಡಬೇಕಾದದ್ದೂ ಹೌದು. ‘ಪುಡಿಪುಡಿ ಮಾಡಿದವನೇ ಗೆದ್ದ, ಇನ್ನೇನು ಅಂಕ’ ಅನ್ನುವವರಿಗೆ ಇದು ನುಂಗಲಾರದ ತುತ್ತು. ಬೈಟ್ ಫೋರ್ಸ್ ತನ್ನ ಬಾಳಿನಲ್ಲಿ ಸೋತದ್ದು ಒಂದೇ ಒಂದು ಪಂದ್ಯ. 2016ರಲ್ಲಿ, ಸುತ್ತಿಗೆಯ ‘ಚಾಂಪ್’ ಎದುರು, ತೀರ್ಪುಗಾರರ ಮಾತಿನಿಂದ. ಆ ತೀರ್ಪಿನ ಮೇಲೆ ಸುರಿದಷ್ಟು ಬೈಗುಳ ಬೈಟ್ ಫೋರ್ಸ್‌ನ ಗೆಲುವುಗಳ ಮೇಲೆ ಹೊಗಳಿಕೆಯಾಗಿ ಸುರಿದದ್ದನ್ನು ನಾನು ಕಾಣೆ.

ನಿಯಮದ ಸಂದುಗಳಲ್ಲಿ ನುಸುಳುವುದೂ ಒಂದು ಕಲೆ. ಬ್ಯಾಟಲ್‌ಬಾಟ್ಸ್‌ನ ಆರಂಭದ ವರ್ಷಗಳಲ್ಲಿ, ಗಾಲಿ ಬಿಟ್ಟು ಕಾಲಿನಲ್ಲಿ ನಡೆಯುವ ಯಂತ್ರಕ್ಕೆ ಹೆಚ್ಚುವರಿ ತೂಕದ ರಿಯಾಯಿತಿ ಇತ್ತು. ಕಾಲು ಮಾಡುವುದು ಕಷ್ಟ, ಪ್ರೋತ್ಸಾಹ ಇರಲಿ ಅಂತ. ವೈಯಾಚಿ ತಂಡದವರು ಏನು ಮಾಡಿದರು? ಮೋಟರಿನ ಅಚ್ಚಿಗೆ ಕ್ಯಾಮ್‌ಗಳನ್ನು, ಅಂದರೆ ಒಂದು ಬದಿ ಉಬ್ಬಿದ ಬಿಲ್ಲೆಗಳನ್ನು ಕೂರಿಸಿ, ಅವು ತಿರುಗಿದಾಗ ಸಾಲಾಗಿ ಎದ್ದು ಇಳಿಯುವ ಪಟ್ಟಿಗಳನ್ನು ಜೋಡಿಸಿ, ‘ಇವೇ ಕಾಲು’ ಅಂದರು. ಉಳಿಸಿದ ತೂಕವನ್ನೆಲ್ಲ ಆಯುಧಕ್ಕೆ ಸುರಿದರು. ‘ಸನ್ ಆಫ್ ವೈಯಾಚಿ’ ತೆವಳುತ್ತ ತೆವಳುತ್ತ ಫೈನಲ್ ತಲುಪಿ, ಆ ಕಾಲದ ದೊಡ್ಡ ಹೆಸರು ‘ಬಯೋಹಜಾರ್ಡ್’ ಅನ್ನು ಮುರಿದು ಹಾಕಿತು. ಅದು ನಡಿಗೆಯೋ ತೆವಳಾಟವೋ ಅಂತ ಗಲಾಟೆ ಎದ್ದಿತು. ಅಂಥ ಕಾಲಿಗೆ ಸಿಗುತ್ತಿದ್ದ ರಿಯಾಯಿತಿ ಹೋಯಿತು. ತಂಡದವರು ಮುಖ ಸಿಂಡರಿಸಲಿಲ್ಲ, ಗಾಲಿ ಹಾಕಿಕೊಂಡು ಮೇಲಿನ ತೂಕದ ವರ್ಗಕ್ಕೆ ಹೋದರು.

ಸುಮಾರು ಇಪ್ಪತ್ತು ವರ್ಷ ಬಿಟ್ಟು ಅದೇ ವೈಯಾಚಿ ತಂಡದ ಜೇಕ್ ಯೂವರ್ಟ್ ‘ಹೈಡ್ರಾ’ ಎಂಬ ಫ್ಲಿಪ್ಪರ್, ಅಂದರೆ ಎದುರಾಳಿಯನ್ನು ಎತ್ತಿ ಮಗುಚುವ ಯಂತ್ರ, ತಂದರು. 2020ರ ಸರಣಿಯಲ್ಲಿ ಅದಕ್ಕೆ ಎದುರಾದದ್ದು ‘ಹ್ಯೂಜ್’. ಹೆಸರಿಗೆ ತಕ್ಕಂತೆ ದೊಡ್ಡದು: ಎರಡು ಭಾರೀ ಪ್ಲಾಸ್ಟಿಕ್ ಗಾಲಿ, ನಡುವೆ ಎತ್ತರದಲ್ಲಿ ನೇತಾಡುವ ಮೈ, ಅಲ್ಲಿ ತಿರುಗುವ ಪಟ್ಟಿ. ಬೇರೆಯವರ ಆಯುಧ ಅದರ ಮೈಗೆ ಎಟುಕುವುದಿಲ್ಲ. ಸಾಮಾನ್ಯ ಮಾರ್ಗದಲ್ಲಿ ಹೋದರೆ ಫ್ಲಿಪ್ಪರಿಗೆ ಉಳಿಗಾಲವಿಲ್ಲ. ಜೇಕ್ ತಮ್ಮ ಯಂತ್ರದ ಮುಂದೆ ಉದ್ದನೆಯ ತಡೆಗೋಲಿನಂಥ ಚೌಕಟ್ಟು ಕಟ್ಟಿಕೊಂಡು ಬಂದು ಹ್ಯೂಜನ್ನು ದೂರದಲ್ಲೇ ಒತ್ತಿ ಹಿಡಿದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ, ಮೂರು ನಿಮಿಷ ಕಳೆಯಿತು. ಅಭಿಮಾನಿಗಳು ಹಿಡಿಶಾಪ ಹಾಕಿದರು. ನಾನೂ ಹಾಕಿದೆ.

ಹಾಕಿದ ಮೇಲೆ ಯೋಚನೆಗೆ ಬಿದ್ದೆ. ಟೊರ್ನೇಡೊದ ಕಂಬಿ, ಹೈಡ್ರಾದ ಚೌಕಟ್ಟು, ಎರಡಕ್ಕೂ ಏನು ವ್ಯತ್ಯಾಸ? ಎದುರಾಳಿಯ ಆಯುಧ ಎಲ್ಲಿಯವರೆಗೆ ಎಟುಕುತ್ತದೆ ಅಂತ ಅಳೆದು, ಅದಕ್ಕಿಂತ ಒಂದು ಗೇಣು ಆಚೆ ನಿಲ್ಲುವುದು. ಎಂಜಿನಿಯರಿಂಗ್ ಅಂದರೆ ಇದೇ ತಾನೇ? ಟಿವಿ ಮುಂದೆ ಕೂತ ನಮಗೆ ಬೇಕಾದದ್ದು ಕಿಡಿ, ಶಬ್ದ, ಗಾಳಿಯಲ್ಲಿ ಹಾರುವ ಗಾಲಿ. ಕಟ್ಟಿದವರಿಗೆ ಬೇಕಾದದ್ದು ರಿಪೇರಿ ಮಾಡುವಷ್ಟಾದರೂ ಉಳಿದ ಯಂತ್ರ ಮತ್ತು ಒಂದು ಗೆಲುವು. ಬೆಲ್ಟು, ಬೇರಿಂಗು, ಸ್ಪೀಡ್ ಕಂಟ್ರೋಲರುಗಳ ಬಿಲ್ಲು ನಮ್ಮ ಮನೆಗೆ ಬರುವುದಿಲ್ಲವಲ್ಲ. ಆದರೂ ವಾಹಿನಿಯವರು ನಮ್ಮ ಮಾತನ್ನೇ ಕೇಳುತ್ತಾರೆ. ನೂಕಾಟದ ಪಂದ್ಯ ಬೇಸರ ಎಂದು ನಾವು ಗೊಣಗಿ ಗೊಣಗಿ, ಬ್ಯಾಟಲ್‌ಬಾಟ್ಸ್ ಮರಳಿ ಬಂದಾಗ ಬರೀ ಇಳಿಜಾರು ತಗಡಿನ ಯಂತ್ರಗಳಿಗೆ ಜಾಗವಿರಲಿಲ್ಲ. ಚಲಿಸುವ ಆಯುಧವೊಂದು ಇರಲೇಬೇಕಾಯಿತು. ಹಾನಿಗೆ 5 ಅಂಕ, ಹಿಡಿತಕ್ಕೆ 3 ಎಂಬ ಲೆಕ್ಕದಲ್ಲೂ ನಮ್ಮ ಗೊಣಗಾಟದ ವಾಸನೆ ನನಗಂತೂ ಹೊಡೆಯುತ್ತದೆ.

ನೆಲದ ಬಗ್ಗೆ ಒಂದು ಮಾತು, ಮರೆತರೆ ಬೇಜಾರಾಗುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಸೋತವರು ‘ನೆಲ ಸರಿ ಇರಲಿಲ್ಲ’ ಅಂದರೆ ನಗಬೇಡಿ, ನೆಲ ನಿಜವಾಗಿಯೂ ಡೊಂಕು. ಉಕ್ಕಿನ ಹಾಳೆಗಳನ್ನು ಜೋಡಿಸಿದ ಕಣ. ಏಟು ತಿಂದು ತಿಂದು ಜೋಡಣೆಯ ಅಂಚುಗಳು ಎದ್ದಿರುತ್ತವೆ. ನೆಲಕ್ಕೆ ಕಾಗದದಷ್ಟು ಸಮೀಪ ಸರಿಯುವ ಫೋರ್ಕು ಅಂಥ ಅಂಚಿಗೆ ಸಿಕ್ಕಿಕೊಂಡರೆ ಪೂರಾ ವೇಗದಲ್ಲಿದ್ದ ಯಂತ್ರ ಗಕ್ಕನೆ ನಿಂತುಬಿಡುತ್ತದೆ. ವರ್ಷಗಟ್ಟಲೆ ಮಾಡಿದ ಕೆಲಸ ಒಂದು ಮಿಲಿಮೀಟರ್ ಉಬ್ಬಿಗೆ ಬಲಿ.

ಟಿವಿಯ ಮೇಲಿನ ದೂರುಗಳನ್ನು ಉದ್ದ ಮಾಡುವುದಿಲ್ಲ. ಎರಡು ಗಂಟೆಯ ಕಂತು, ಏಳೆಂಟು ಪಂದ್ಯ, ಒಂದೊಂದು ಹೆಚ್ಚೆಂದರೆ ಮೂರು ನಿಮಿಷ. ಉಳಿದ ಹೊತ್ತು ಏನಿರುತ್ತದೆ ಅಂತ ನೀವೇ ಊಹಿಸಿ. ಕಣ್ಣೀರು, ಸವಾಲು, ಜಾಹೀರಾತು, ಈಗಷ್ಟೇ ನೋಡಿದ್ದರ ಮರುಪ್ರಸಾರ. ಇದರಿಂದ ಬೇಸತ್ತ ಕೆಲವರು ಅಮೆರಿಕದ ಕನೆಕ್ಟಿಕಟ್‌ನ ನಾರ್ವಾಕ್‌ನಲ್ಲಿ ನಡೆಯುವ ಸಣ್ಣ ರೋಬೋಟುಗಳ ಲೀಗಿನ ಕಡೆ ವಾಲಿದ್ದಾರೆ. ಅಲ್ಲಿ 3, 12, 30 ಪೌಂಡಿನ ಯಂತ್ರಗಳು. ಪಂದ್ಯಗಳು ಯೂಟ್ಯೂಬಿನಲ್ಲಿ ನೇರವಾಗಿ ಬರುತ್ತವೆ, ಕತ್ತರಿ ಪ್ರಯೋಗವಿಲ್ಲ. ಹಾಗಂತ ಕಥೆ ಬೇಡವೇ ಬೇಡ ಎನ್ನುವವರನ್ನೂ ನಾನು ಪೂರ್ತಿ ನಂಬುವುದಿಲ್ಲ. ಐರ್ಲೆಂಡಿನಿಂದ ರೋಬೋಟ್ ವಾರ್ಸ್‌ಗೆ ಬರುತ್ತಿದ್ದ ‘ಡಿಯೋಟುವಾರ್’ ನೆನಪಿದೆಯೇ? ಮೈಗೆಲ್ಲ ಚುಕ್ಕೆ ಚುಕ್ಕೆಯ ಕೃತಕ ತುಪ್ಪಳ ಹೊದೆಸಿದ್ದರು. ಬೆಂಕಿ ಉಗುಳುವ ಯಂತ್ರಗಳಿರುವ ಕಣಕ್ಕೆ ತುಪ್ಪಳ ಹೊದ್ದು ಬರುವವರನ್ನು ಏನನ್ನಬೇಕು? ಅದು ಉರಿಯುತ್ತಿತ್ತು, ಜನ ಚಪ್ಪಾಳೆ ತಟ್ಟುತ್ತಿದ್ದರು, ಮುಂದಿನ ಸಲ ಹೊಸ ತುಪ್ಪಳದೊಂದಿಗೆ ಬರುತ್ತಿತ್ತು. ಸರಣಿಯ ಚಾಂಪಿಯನ್ ಪಟ್ಟ ಗೆಲ್ಲಲಿಲ್ಲ. ಗೆದ್ದ ಎಷ್ಟೋ ಯಂತ್ರಗಳ ಹೆಸರು ಮರೆತವರಿಗೂ ಇದು ಮರೆತಿಲ್ಲ. ಹಾಲ್ ರಕರ್ ಅವರ ‘ಡಕ್’ ಕೂಡ ಅದೇ ಜಾತಿ. ಕೊಕ್ಕಿನಂಥ ಒಂದು ಎತ್ತುಗ, ದಪ್ಪ ಮೈ, ಅಷ್ಟೇ. ಏಟು ತಿನ್ನುತ್ತದೆ, ಮತ್ತೆ ಹೋಗಿ ಮುಖ ಕೊಡುತ್ತದೆ. ನಾನು ಡಕ್ ಪಕ್ಷದವನು, ಮುಚ್ಚಿಡುವುದೇನಿಲ್ಲ.

ಕೊನೆಗೆ ನನ್ನದೇ ಒಂದು ಸೋಲು. ಕೆಲವು ವರ್ಷಗಳ ಹಿಂದೆ ನಾನೂ ಒಂದು ಪುಟಾಣಿ ರೋಬೋಟ್ ಕಟ್ಟಿದೆ, 3 ಪೌಂಡಿನ ವರ್ಗ, 1.36 ಕಿಲೋ. ಮುಂದೆ ಗಟ್ಟಿ ಉಕ್ಕಿನ ಲಂಬ ಡಿಸ್ಕ್, ಒಂದೇ ಹಲ್ಲು, ಈಗ ಹೇಳಿದ ಲೆಕ್ಕವನ್ನೆಲ್ಲ ಮಾಡಿಯೇ ಇಟ್ಟದ್ದು. ಎದುರಿಗೆ ಬಂದದ್ದು ಹದಿಮೂರು ವರ್ಷದ ಒಬ್ಬ ಹುಡುಗಿಯ ಯಂತ್ರ. ಪಂದ್ಯಕ್ಕೆ ಹತ್ತು ನಿಮಿಷ ಮುಂಚೆ ಅವಳು ತನ್ನ ಆಯುಧದ ಮುಂದೆ ದಪ್ಪ ಬಿಳಿ ಪ್ಲಾಸ್ಟಿಕ್ಕಿನ ತಟ್ಟೆಯೊಂದನ್ನು ನಾಲ್ಕು ಸ್ಕ್ರೂ ಹಾಕಿ ಬಿಗಿಯುತ್ತಿದ್ದಳು. ಯುಎಚ್‌ಎಂಡಬ್ಲ್ಯೂ ಅನ್ನುತ್ತಾರೆ ಅದಕ್ಕೆ, ಬಲು ಜಿಗುಟು, ಸೀಳುವುದಿಲ್ಲ. ಮೂರು ನಿಮಿಷ ಅವಳು ಮಾಡಿದ್ದು ಒಂದೇ ಕೆಲಸ: ಆ ತಟ್ಟೆಯನ್ನು ನನ್ನ ಡಿಸ್ಕಿಗೆ ಕೊಟ್ಟು ನನ್ನನ್ನು ಕಣದ ತುಂಬ ತಳ್ಳಾಡಿದ್ದು. ನನ್ನ ಡಿಸ್ಕ್ ಕಿರುಚಿತು, ಬಿಳಿ ಸಿಪ್ಪೆ ಹಾರಿಸಿತು, ಎರಡನೇ ನಿಮಿಷದ ಹೊತ್ತಿಗೆ ಮೋಟರ್ ಬಿಸಿಯಾಗಿ ನಿಂತಿತು. ಮೂವರು ತೀರ್ಪುಗಾರರೂ ಅವಳ ಕಡೆ.

ನಾನು ಹೊರಗೆ ಬಂದು ಕೇಳಿಸುವ ಹಾಗೇ ಅಂದೆ, ‘ಇದೂ ಒಂದು ಜಗಳಾನಾ? ಒಂದೇಟು ಹೊಡೀಲಿಲ್ಲ.’

ಅವಳು ಏನೂ ಹೇಳಲಿಲ್ಲ. ಸ್ಕ್ರೂಡ್ರೈವರ್ ತಗೊಂಡು ನಾಲ್ಕೂ ಸ್ಕ್ರೂ ಬಿಚ್ಚಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು. ಹನ್ನೊಂದು ಗಾಯ. ಎಣಿಸಿದೆ. ಒಂದೆರಡು ಕಡೆ ಹಲ್ಲು ಮುಕ್ಕಾಲು ದಪ್ಪದವರೆಗೆ ಇಳಿದಿತ್ತು, ಇನ್ನೊಂದೇ ಸಲ ಅದೇ ಜಾಗಕ್ಕೆ ಬಿದ್ದಿದ್ದರೆ ಆಚೆ ಬರುತ್ತಿತ್ತು. ‘ನಿಮ್ಮ ಡಿಸ್ಕ್ ಚೆನ್ನಾಗಿದೆ ಅಂಕಲ್’ ಅಂದಳು, ‘ಅದಕ್ಕೇ ಇದನ್ನ ಹಾಕಿದ್ದು. ನೀವೇ ಇಟ್ಕೊಳ್ಳಿ, ನಂಗೆ ಇನ್ನೆರಡು ಇವೆ.’

ಆ ತಟ್ಟೆ ಈ ಮೇಜಿನ ಮೇಲೆ, ಸೈಕಲ್ ಚಕ್ರದ ಪಕ್ಕದಲ್ಲಿದೆ. ಹೋಗುವಾಗ ನೋಡಿಕೊಂಡು ಹೋಗಿ. ಗಾಯಗಳ ಅಂಚು ಇನ್ನೂ ಚೂಪಾಗಿವೆ, ಬೆರಳು ಜೋಪಾನ.